ಆ ದ್ವೀಪ ನಿರ್ಜನವಾಗಿತ್ತೇ?

ಕಾಪುವಿನ ದೀಪಸ್ತಂಭ ನಿರ್ಮಾಣವಾದದ್ದು 1901ರಲ್ಲಿ. ಅದಕ್ಕೆ ಮೂವತ್ತಮೂರು ವರ್ಷ ಮೊದಲು, 1868ರ ಜನವರಿಯ ಕೊನೆಯಲ್ಲಿ, ಇದೇ ಅರಬಿ ಸಮುದ್ರದಲ್ಲಿ ಒಂದು ಉಕ್ಕಿನ ಜಲಾಂತರ್ಗಾಮಿ ನೌಕೆ ಉತ್ತರಕ್ಕೆ ಸಾಗಿಹೋಯಿತು. ಸಿಂಹಳವನ್ನು ಹಿಂದಿಕ್ಕಿ, ಮಾಲ್ದೀವ್ ಮತ್ತು ಲಕ್ಷದ್ವೀಪಗಳ ನಡುವೆ ನುಸುಳಿ, ಕಿಲ್ತಾನ್ ದ್ವೀಪದ ಮಗ್ಗುಲಲ್ಲಿ ಹಾದು ಅದು ಒಮಾನಿನ ಕಡೆಗೆ ಹೊರಟಿತು. ನಮ್ಮ ಕರಾವಳಿಯ ಯಾವ ಮೊಗವೀರನೂ ಅದನ್ನು ಕಾಣಲಿಲ್ಲ. ಏಕೆಂದರೆ ಆ ‘ನಾಟಿಲಸ್’ ನೌಕೆ ಸಂಚರಿಸಿದ್ದು ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ಕಾದಂಬರಿಯ ಪುಟಗಳಲ್ಲಿ ಮಾತ್ರ. ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗ್‌ಗಳ ಆ ಕಥೆ 1869–70ರಲ್ಲಿ ಮೊದಲಿಗೆ ಧಾರಾವಾಹಿಯಾಗಿ ಪ್ರಕಟವಾಯಿತು.

ಉಡುಪಿ, ಕಾರ್ಕಳ ಸೀಮೆಯಲ್ಲಿ ಇಂದು ನಲವತ್ತು–ಐವತ್ತರ ವಯಸ್ಸಿನಲ್ಲಿರುವ ಓದುಗರಿಗೆ ಈ ಬಗೆಯ ಪುಸ್ತಕಗಳು ಹೊಸವಲ್ಲ. ಶಾಲೆಯ ಕಪಾಟಿನಲ್ಲಿ ಗೆದ್ದಲು ಹಿಡಿಯದೆ ಉಳಿದಿದ್ದ ಸಂಕ್ಷಿಪ್ತ ಆವೃತ್ತಿಯನ್ನೋ ಯಾರದೋ ಮನೆಯಿಂದ ತಂದ ರಟ್ಟು ಹರಿದ ಪ್ರತಿಯನ್ನೋ ಆಟಿಯ ಜಡಿಮಳೆಯಲ್ಲಿ ಚಾವಡಿಯ ಮೂಲೆಯಲ್ಲಿ ಕುಳಿತು ಮುಗಿಸಿದವರು ಅವರಲ್ಲಿ ಅನೇಕರು. ಈ ಕಥೆಗಳಿಗೆ ಕನ್ನಡದ ನಂಟೂ ಉಂಟು. ಮೊಗೇರಿಯಲ್ಲಿ ಹುಟ್ಟಿ, 1960ರ ದಶಕದ ಕೊನೆಯಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿ ಬಂದ ಕವಿ ಗೋಪಾಲಕೃಷ್ಣ ಅಡಿಗರ ಅನುವಾದಗಳಲ್ಲಿ ‘ಭೂಗರ್ಭ ಯಾತ್ರೆ’ಯೂ ಒಂದು. ನವ್ಯಕಾವ್ಯದ ಹರಿಕಾರರೆನಿಸಿದವರು ಬಾಲಕರ ಸಾಹಸಕಥೆಯನ್ನು ಕನ್ನಡಿಸಲು ಹಿಂಜರಿಯಲಿಲ್ಲ ಎಂಬುದು ಗಮನಾರ್ಹ.

ಹನ್ನೆರಡರ ಪ್ರಾಯದಲ್ಲಿ ಓದಿದ್ದನ್ನು ನಲವತ್ತೈದರಲ್ಲಿ ಮತ್ತೆ ತೆರೆದಾಗ ಅಲ್ಲಿ ಕಾಣುವುದೇನು? ಈ ಪ್ರಶ್ನೆಯನ್ನು ಕೇವಲ ಸಾಹಿತ್ಯಾಸಕ್ತರಿಗೆ ಬಿಟ್ಟುಬಿಡುವಂತಿಲ್ಲ. ಅಣೆಕಟ್ಟು, ಗಣಿ ಮತ್ತು ಸ್ಥಾವರಗಳ ನಕ್ಷೆ ಬರೆದ ತಲೆಮಾರುಗಳು ಬಾಲ್ಯದಲ್ಲಿ ಬೆಳೆದದ್ದು ಇಂಥ ಕಥೆಗಳ ಗಾಳಿಯಲ್ಲಿಯೇ. ಆದ್ದರಿಂದ ಇದು ಘಟ್ಟದ ಜನರ ಬಾಳಿಗೂ ಸಂಬಂಧಿಸಿದ ಪ್ರಶ್ನೆ.

ಕಲ್ಲನ್ನು ಓದುವ ಪಾಠ

ಮೊದಲು ಈ ಕಾದಂಬರಿಗಳ ಋಣವನ್ನು ಒಪ್ಪಿಕೊಳ್ಳಬೇಕು. 1864ರ ‘ಭೂಗರ್ಭ ಯಾತ್ರೆ’ಯಲ್ಲಿ ಪ್ರೊಫೆಸರ್ ಲಿಡನ್‌ಬ್ರಾಕ್ ಮತ್ತು ಅವನ ಸೋದರಳಿಯ ಆಕ್ಸೆಲ್ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬಾಯಿಂದ ಭೂಮಿಯೊಳಕ್ಕೆ ಇಳಿಯುತ್ತಾರೆ. ಭೂಮಿಯ ಒಡಲು ಹಾಗೆ ಟೊಳ್ಳಲ್ಲವೆಂದು ಇಂದಿನ ಪ್ರೌಢಶಾಲಾ ವಿದ್ಯಾರ್ಥಿಗೂ ಗೊತ್ತು. ಆದರೆ ಇಳಿಯುವ ಮೊದಲು ಸ್ಟಾಪಿ ಎಂಬ ಕಡಲತೀರದ ಹಳ್ಳಿಯಲ್ಲಿ ಆಕ್ಸೆಲ್ ಬಸಾಲ್ಟ್ ಕಲ್ಲಿನ ಕಂಬಗಳ ಸಾಲನ್ನು ಕಂಡು ಬೆರಗಾಗುವ ಭಾಗವಿದೆ. ಕಾದ ಲಾವಾ ತಣ್ಣಗಾಗುತ್ತ ಕುಗ್ಗಿದಾಗ ಬಿರುಕುಗಳು ಕ್ರಮಬದ್ಧವಾಗಿ ಮೂಡಿ, ಕಲ್ಲು ಬಹುಭುಜ ಕಂಬಗಳಾಗಿ ಒಡೆಯುತ್ತದೆ. ಇದನ್ನು ಕಾಣಲು ಐಸ್‌ಲ್ಯಾಂಡಿಗೆ ಹೋಗಬೇಕಿಲ್ಲ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದಲ್ಲಿ ಅಂಥವೇ ಕಂಬಗಳು ನಿಂತಿವೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಅಲ್ಲಿಂದ ಪೂರ್ವಕ್ಕೆ ಬಂದರೆ ಮಣಿಪಾಲದ ಮುರಕಲ್ಲಿನ ಗುಡ್ಡ. ಅದು ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲು ತಾಯಿಬಂಡೆಯನ್ನು ಕರಗಿಸಿ, ತೊಳೆದು, ಕಬ್ಬಿಣದ ಅಂಶವನ್ನು ಉಳಿಸಿದ ಶೇಷ. ಇನ್ನೂ ಪೂರ್ವಕ್ಕೆ ಕಾರ್ಕಳದ ಕಲ್ಲಿನ ಬೆಟ್ಟ. ಅದರ ಮೇಲೆ 1432ರಲ್ಲಿ ಪ್ರತಿಷ್ಠಾಪನೆಗೊಂಡ 42 ಅಡಿ ಎತ್ತರದ ಬಾಹುಬಲಿ. ಆ ಶಿಲ್ಪಿಗಳು ಕಲ್ಲಿನ ಎಳೆಯನ್ನು ಬಲ್ಲವರಾಗಿದ್ದರು. ದಿನವೂ ಬಸ್ಸಿನಲ್ಲಿ ಮಲ್ಪೆಗೂ ಕಾರ್ಕಳಕ್ಕೂ ಓಡಾಡುವ ವಿದ್ಯಾರ್ಥಿ ಭೂಚರಿತ್ರೆಯ ಮೂರು ಅಧ್ಯಾಯಗಳನ್ನು ದಾಟುತ್ತಿದ್ದಾನೆ ಎಂಬ ಅರಿವನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹುಟ್ಟಿಸಬಲ್ಲದ್ದು ವರ್ನ್‌ನ ಈ ಕಥೆ. ನಿಂತು ನೋಡು, ಅಳೆ, ಹೆಸರಿಡು, ಬರೆದಿಡು ಎಂಬ ಅಭ್ಯಾಸವೇ ಈ ಕಾದಂಬರಿಗಳ ನಿಜವಾದ ಸಂಪತ್ತು.

ಆದರೆ ಹುಡುಗನ ಕಣ್ಣಿಗೆ ಬೀಳದ ಒಬ್ಬ ಮನುಷ್ಯ ಆ ಕಥೆಯಲ್ಲಿದ್ದಾನೆ. ಅವನು ಮಾರ್ಗದರ್ಶಿ ಹಾನ್ಸ್. ಹಕ್ಕಿಯ ಗೂಡಿನಿಂದ ಮೆತ್ತನೆಯ ಗರಿ ಸಂಗ್ರಹಿಸುವುದು ಅವನ ಕಸುಬು. ಅದಕ್ಕಾಗಿ ಹಕ್ಕಿಯನ್ನು ಕೊಲ್ಲಬೇಕಾಗಿಲ್ಲ. ಪ್ರತಿ ಶನಿವಾರ ಸಂಜೆ ತನ್ನ ಕೂಲಿಯನ್ನು ಎಣಿಸಿ ಪಡೆಯುತ್ತಾನೆ, ಮಾತು ಬಲು ಕಡಿಮೆ. ಪ್ರೊಫೆಸರರ ಪಾಂಡಿತ್ಯ ಬಾಯಾರಿ ಬಿದ್ದಾಗ ಬಂಡೆಯೊಳಗೆ ಹರಿಯುವ ನೀರಿನ ಸದ್ದನ್ನು ಆಲಿಸಿ, ಗುದ್ದಲಿಯಿಂದ ಗೋಡೆ ಒಡೆದು ಎಲ್ಲರ ಜೀವ ಉಳಿಸುವವನು ಅವನೇ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರಿನ ಒಸರನ್ನು ಹುಡುಕುವ ಸುರಂಗ ತೋಡುವವರನ್ನು ಬಲ್ಲವರಿಗೆ ಹಾನ್ಸ್ ಅಪರಿಚಿತನಲ್ಲ. ಕಾದಂಬರಿಯಲ್ಲಿ ಆ ತೊರೆಗಾದರೂ ಹಾನ್ಸ್‌ನ ಹೆಸರಿಟ್ಟರು. ಘಟ್ಟದ ಗಿಡ, ಕಪ್ಪೆ, ಮಣ್ಣುಗಳ ಮೇಲೆ ಬರೆದ ಎಷ್ಟು ಪ್ರಬಂಧಗಳಲ್ಲಿ ದಾರಿ ತೋರಿದ ಮಲೆಕುಡಿಯನ ಹೆಸರು ಮೊದಲ ಪುಟಕ್ಕೆ ಬಂದಿದೆ ಎಂದು ವಿಶ್ವವಿದ್ಯಾಲಯಗಳು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಒಂದು ಗೋಧಿಕಾಳಿನ ಲೆಕ್ಕ

1874–75ರಲ್ಲಿ ಬಂದ ‘ನಿಗೂಢ ದ್ವೀಪ’ ವರ್ನ್‌ನ ಕೃತಿಗಳಲ್ಲಿ ಅತ್ಯಂತ ತುಂಬು ಕಾದಂಬರಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಲೂನಿನಲ್ಲಿ ತಪ್ಪಿಸಿಕೊಂಡ ಐವರು ಪೆಸಿಫಿಕ್ ಸಾಗರದ ಒಂದು ದ್ವೀಪಕ್ಕೆ ಬಂದು ಬೀಳುತ್ತಾರೆ. ಅವರ ನಾಯಕ ಸೈರಸ್ ಸ್ಮಿತ್ ಒಬ್ಬ ಎಂಜಿನಿಯರ್. ಬರಿಗೈಯಿಂದ ಆರಂಭಿಸಿ ಇಟ್ಟಿಗೆ, ಮಡಕೆ, ಕಬ್ಬಿಣ, ಉಕ್ಕು, ಗಂಧಕಾಮ್ಲ, ಕೊನೆಗೆ ಸಿಡಿಮದ್ದನ್ನೂ ಅವರು ತಯಾರಿಸುತ್ತಾರೆ.

ಕೃಷಿಯನ್ನು ಬಲ್ಲ ಓದುಗ ಇಲ್ಲಿ ಒಂದು ಪ್ರಸಂಗದಲ್ಲಿ ನಿಂತುಬಿಡುತ್ತಾನೆ. ಗುಂಪಿನ ಹುಡುಗ ಹರ್ಬರ್ಟ್‌ನ ಅಂಗಿಯ ಒಳಪದರದಲ್ಲಿ ಒಂದೇ ಒಂದು ಗೋಧಿಕಾಳು ಸಿಗುತ್ತದೆ. ಎಂಜಿನಿಯರ್ ಲೆಕ್ಕ ಹಾಕುತ್ತಾನೆ: ಒಂದು ಕಾಳಿನಿಂದ ಹತ್ತು ತೆನೆ, ತೆನೆಗೆ ಎಂಬತ್ತು ಕಾಳು, ಅಂದರೆ ಮೊದಲ ಬೆಳೆಗೆ 800. ಎರಡನೆಯದಕ್ಕೆ 6,40,000. ಮೂರನೆಯದಕ್ಕೆ 51 ಕೋಟಿ 20 ಲಕ್ಷ. ನಾಲ್ಕನೆಯದಕ್ಕೆ 40,000 ಕೋಟಿಗೂ ಮಿಕ್ಕಿ. ಹನ್ನೆರಡರ ಹುಡುಗನಿಗೆ ಇದಕ್ಕಿಂತ ದೊಡ್ಡ ಮಾಯೆ ಬೇರೆ ಇಲ್ಲ. ಗುಣಾಕಾರ ತಪ್ಪಿಲ್ಲ, ಬೀಜದ ಶಕ್ತಿಯೂ ಸುಳ್ಳಲ್ಲ. ಕಾದಂಬರಿಯ ಜನ ಹಕ್ಕಿಗಳಿಂದ ಬೆಳೆಯನ್ನು ಜೋಪಾನವಾಗಿ ಕಾಯುತ್ತಾರೆ ಕೂಡ. ಆದರೆ ಒಂದೇ ಕಾಳಿನ ಸಂತತಿಯಾದ ಆ ಇಡೀ ಹೊಲದಲ್ಲಿ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ತೆರನಾದವು. ತುಕ್ಕುರೋಗದ ಒಂದು ಬೀಜಾಣು ಗಾಳಿಯಲ್ಲಿ ತೇಲಿಬಂದರೆ ತಡೆದುಕೊಳ್ಳಬಲ್ಲ ಒಂದು ಗಿಡವೂ ಅಲ್ಲಿರಲಾರದು. ಆ ಪುಣ್ಯದ ದ್ವೀಪಕ್ಕೆ ರೋಗ ಬರಲಿಲ್ಲ.

ನಮ್ಮ ಸೀಮೆಗೆ ಆ ಪುಣ್ಯವಿಲ್ಲ. ಕರಾವಳಿಯ ಗದ್ದೆಗಳ ಬಹುಭಾಗದಲ್ಲಿ ದಶಕಗಳಿಂದ ಎಂ.ಓ.-4 ಎಂಬ ಒಂದೇ ಭತ್ತದ ತಳಿ ನೆಲೆಸಿದೆ. ಅದು ಒಳ್ಳೆಯ ತಳಿಯೇ. ಆದರೆ ಅದಕ್ಕಾಗಿ ಜಾಗ ಬಿಟ್ಟುಕೊಟ್ಟ ಊರ ತಳಿಗಳ ಹೆಸರನ್ನು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಘಟ್ಟದ ಮೇಲೆ ಗದ್ದೆ, ಬ್ಯಾಣ, ಕಾಡಂಚುಗಳನ್ನೆಲ್ಲ ಅಡಿಕೆಯೇ ನುಂಗಿದ ಮೇಲೆ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬಿದ ಬಗೆಯನ್ನು ಈ ಪುಟಗಳ ಓದುಗರಿಗೆ ವಿವರಿಸಬೇಕಾಗಿಲ್ಲ. ಸೈರಸ್ ಸ್ಮಿತ್‌ನ ಲೆಕ್ಕವನ್ನೇ ನಂಬಿ ಬ್ಯಾಂಕ್ ಸಾಲ ಮಾಡಿದವರು ನಮ್ಮಲ್ಲಿ ಕಡಿಮೆಯೇನಲ್ಲ.

ಇದಕ್ಕೆ ಎದುರಾಗಿ ಕಾಪುವಿನ ಉತ್ತರಕ್ಕಿರುವ ಮಟ್ಟು ಗ್ರಾಮವನ್ನು ನೋಡಬಹುದು. ಹೊಳೆ ಮತ್ತು ಕಡಲಿನ ನಡುವಿನ ಆ ಮರಳುಮಿಶ್ರಿತ ನೆಲದಲ್ಲಿ ಬೆಳೆಯುವ ಗುಳ್ಳ ಬದನೆಯ ಹಿಂದೆ ವಾದಿರಾಜರ ಐತಿಹ್ಯವಿದೆ, ಬೀಜವನ್ನು ತಲೆತಲಾಂತರದಿಂದ ಆಯ್ದು ಕಾಪಾಡಿದ ರೈತರ ಶ್ರಮವಿದೆ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ಬಿ.ಟಿ. ಬದನೆಗೆ ತಡೆ ಹಾಕಿದ ಸಂದರ್ಭದ ಚರ್ಚೆಯಲ್ಲಿ ಕರಾವಳಿಯಿಂದ ಕೇಳಿಬಂದ ಹೆಸರು ಮಟ್ಟುಗುಳ್ಳದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಂಗಿಯ ಪದರದಲ್ಲಿ ಅಕಸ್ಮಾತ್ ಸಿಕ್ಕ ಕಾಳಿನ ಕಥೆಯಷ್ಟು ರೋಚಕವಾಗಿ ಈ ಕಥೆಯನ್ನು ಮಕ್ಕಳಿಗೆ ಬರೆದುಕೊಟ್ಟವರು ಯಾರೂ ಇಲ್ಲದಿರುವುದು ನಮ್ಮ ಕೊರತೆ.

ನಿರ್ಜನವೆಂಬ ನಂಬಿಕೆ

‘ನಿಗೂಢ ದ್ವೀಪ’ದ ಸಕಲ ಸಾಹಸವೂ ಒಂದು ನಂಬಿಕೆಯ ಮೇಲೆ ನಿಂತಿದೆ: ಆ ದ್ವೀಪದಲ್ಲಿ ಮೊದಲಿನಿಂದ ಯಾರೂ ಇರಲಿಲ್ಲ. ಆದ್ದರಿಂದಲೇ ವಾಸಕ್ಕೆ ಗುಹೆ ಬೇಕೆಂದು ಕೆರೆಯ ದಡವನ್ನು ಸಿಡಿಸಿ ನೀರಿನ ಮಟ್ಟ ಇಳಿಸಬಹುದು. ಕಾಡಿನ ಜಾಗ್ವಾರ್‌ಗಳನ್ನೆಲ್ಲ ನಿರ್ಮೂಲ ಮಾಡುವ ಪಣ ತೊಡಬಹುದು. ಬೆಟ್ಟ, ಹೊಳೆ, ಕೊಲ್ಲಿಗಳಿಗೆ ತಮ್ಮ ನಾಡಿನ ಹೆಸರಿಡಬಹುದು. ಕೇಳುವವರಿಲ್ಲ. ಕೊನೆಯಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪವೇ ಕಡಲಿನಲ್ಲಿ ಮುಳುಗುತ್ತದೆ. ಅದು ಆ ಜನರ ತಪ್ಪಿನಿಂದ ಆದದ್ದಲ್ಲ, ನಿಜ. ಆದರೆ ಬದುಕುಳಿದವರು ಅಮೆರಿಕಕ್ಕೆ ಮರಳಿ, ಐಯೋವಾ ಪ್ರಾಂತ್ಯದಲ್ಲಿ ವಿಶಾಲವಾದ ಭೂಮಿ ಕೊಂಡು ಅದೇ ಬಾಳನ್ನು ಮತ್ತೆ ಕಟ್ಟುತ್ತಾರೆ. ಆ ಭೂಮಿಯೂ ಬರಿದಾಗಿ ಬಿದ್ದದ್ದಲ್ಲ. ಅಲ್ಲಿನ ಮೂಲನಿವಾಸಿಗಳನ್ನು ಹೊರದೂಡಿ ತೆರವು ಮಾಡಿದ್ದು. ಹುಡುಗ ಇದನ್ನು ಸುಖಾಂತವೆಂದು ಓದಿ ಪುಸ್ತಕ ಮಡಚಿದ್ದ. ಪ್ರಾಯದವನಿಗೆ ಅಲ್ಲಿಯೇ ತೊಡಕು ಆರಂಭವಾಗುತ್ತದೆ.

ಇಪ್ಪತ್ತನೆಯ ಶತಮಾನದ ಯೋಜನೆಗಳು ಪಶ್ಚಿಮಘಟ್ಟಕ್ಕೆ ಬಂದಿಳಿದದ್ದು ಸೈರಸ್ ಸ್ಮಿತ್ ದ್ವೀಪಕ್ಕೆ ಇಳಿದ ರೀತಿಯಲ್ಲಿಯೇ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಮಡಿಲಲ್ಲಿ ಬೆಟ್ಟವನ್ನು ಕಡಿದು, ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಲಾಯಿತು. ಉಳಿದ ಕೆಸರನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ವರ್ನ್ ಕೂಡ ಮೆಚ್ಚುವ ಸಾಧನೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಂಪನಿಗೆ ಬೇರೆ ಕೆಲಸ ಹುಡುಕಿಕೊಳ್ಳುವ ದಾರಿಯಿತ್ತು. ಭದ್ರೆಗೆ ಬೇರೆ ಹುಟ್ಟೂರಿರಲಿಲ್ಲ.

ಕಾಪು ತಾಲ್ಲೂಕಿನ ಎಲ್ಲೂರಿನ ಕಥೆಯೂ ಬೇರೆಯಲ್ಲ. ‘ನಿಗೂಢ ದ್ವೀಪ’ದಲ್ಲಿ ಒಂದು ಸಂಜೆ ಮಾತು ಕಲ್ಲಿದ್ದಲಿನ ಕಡೆಗೆ ತಿರುಗುತ್ತದೆ. ಇನ್ನು 250–300 ವರ್ಷಗಳಲ್ಲಿ ಅದು ಮುಗಿದರೆ ಗತಿಯೇನೆಂದು ಗೆಳೆಯರು ಕೇಳುತ್ತಾರೆ. ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆದ ಜಲಜನಕ ಮತ್ತು ಆಮ್ಲಜನಕಗಳೇ ಮುಂದಿನ ಇಂಧನವೆಂದು ಎಂಜಿನಿಯರ್ ಉತ್ತರಿಸುತ್ತಾನೆ. ಇಂದು ಹಸಿರು ಜಲಜನಕವೆಂದು ಸರ್ಕಾರಗಳು ಹೇಳುತ್ತಿರುವುದನ್ನು ಒಂದೂವರೆ ಶತಮಾನ ಮೊದಲೇ ಕಂಡ ಮಾತು ಅದು. ಆದರೆ ಉರಿದ ಕಲ್ಲಿದ್ದಲಿನ ಬೂದಿ ಯಾರ ಅಂಗಳಕ್ಕೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಆ ಸಂಜೆ ಯಾರೂ ಕೇಳಲಿಲ್ಲ. ಹೊರದೇಶದಿಂದ ಬಂದ ಕಲ್ಲಿದ್ದಲನ್ನು ಉರಿಸುವ 1,200 ಮೆಗಾವಾಟ್ ಸ್ಥಾವರದ ನೆರೆಯಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಎಲ್ಲೂರು, ನಂದಿಕೂರಿನ ರೈತರು. ಬಾವಿಯ ನೀರು ಉಪ್ಪಾದುದನ್ನು, ಎಲೆ ಮತ್ತು ಹೂವಿನ ಮೇಲೆ ಬೂದಿ ಕುಳಿತುದನ್ನು ಅವರು ವರ್ಷಗಟ್ಟಲೆ ಹೇಳುತ್ತ ಬಂದರು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು.

ಇಲ್ಲಿ ಚಳವಳಿಯ ಬಂಧುಗಳೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಮಾತೊಂದಿದೆ. ನಿರ್ಜನ ದ್ವೀಪದ ಕನಸು ಗಣಿಗಾರಿಕೆಯ ಮಂದಿಗೆ ಮಾತ್ರ ಮೀಸಲಲ್ಲ. 1987ರಲ್ಲಿ ರೂಪುಗೊಂಡ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಕ್ಷೆಯಲ್ಲಿಯೂ ಆ ಕನಸಿನ ಎಳೆಯಿದೆ. ಕಾರ್ಕಳ ಮತ್ತು ಬೆಳ್ತಂಗಡಿ ಭಾಗದ ಘಟ್ಟದಡಿಯಲ್ಲಿ ತಲೆತಲಾಂತರದಿಂದ ಬಾಳಿದ ಮಲೆಕುಡಿಯ ಕುಟುಂಬಗಳು ಒಂದು ದಿನ ತಾವು ಉದ್ಯಾನದ ‘ಒಳಗೆ’ ಇರುವವರೆಂದು ತಿಳಿಯಬೇಕಾಯಿತು. 2011ರ ಗಾಡ್ಗೀಳ್ ವರದಿ ಗ್ರಾಮಸಭೆಯ ಮಾತಿಗೆ ಬೆಲೆ ಕೊಡಬೇಕೆಂದಿತು. ಆದರೆ ವರದಿ ಹಳ್ಳಿಯ ಭಾಷೆಯಲ್ಲಿ ಹಳ್ಳಿಗೆ ತಲಪುವ ಮೊದಲೇ ಅದರ ಬಗೆಗಿನ ಭಯ ತಲಪಿತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಚಿತ್ರಗಳನ್ನು ನೆಚ್ಚಿ ಗೆರೆ ಎಳೆದಾಗ ಭಯ ಇಮ್ಮಡಿಸಿತು. ಮೇಲಿನಿಂದ ನೋಡುವವನು ಗಣಿಗಾಗಿ ನೋಡಲಿ, ರಕ್ಷಣೆಗಾಗಿ ನೋಡಲಿ, ಅವನಿಗೆ ಮೊದಲು ಕಾಣುವುದು ಹಸಿರು. ಹಸಿರಿನ ಕೆಳಗಿನ ಮನೆಯ ಹೊಗೆ ಕಾಣಬೇಕಾದರೆ ಕೆಳಗಿಳಿದು ನಡೆಯಬೇಕು.

ಟಿಪ್ಪುವಿನ ಬಂಧು ನೆಮೋ

ನಾಟಿಲಸ್‌ನ ಒಡೆಯ ಕ್ಯಾಪ್ಟನ್ ನೆಮೋ ಯಾರೆಂಬುದು ‘ನಿಗೂಢ ದ್ವೀಪ’ದ ಕೊನೆಯಲ್ಲಿ ಬಯಲಾಗುತ್ತದೆ. ಆತ ಬುಂದೇಲಖಂಡದ ರಾಜಕುಮಾರ ಡಕ್ಕರ್. ವರ್ನ್ ಅವನನ್ನು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಬಂಧುವೆಂದೂ 1857ರ ದಂಗೆಯಲ್ಲಿ ಹೋರಾಡಿದವನೆಂದೂ ಚಿತ್ರಿಸಿದ್ದಾನೆ. ನಮ್ಮ ಬಾಲ್ಯದ ಪ್ರತಿಗಳಲ್ಲಿ ಈ ಕಿಚ್ಚು ಏಕೆ ಕಾಣಲಿಲ್ಲ? ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಅನುವಾದಗಳು ಅದನ್ನು ತಣಿಸಿಬಿಟ್ಟಿದ್ದವು. ಸಮುದ್ರದಡಿಯ ಕಥೆಯ ಮೊದಲ ಇಂಗ್ಲಿಷ್ ಅನುವಾದ ಮೂಲದ ಐದನೆಯ ಒಂದರಷ್ಟನ್ನು ಕತ್ತರಿಸಿತ್ತು. ‘ನಿಗೂಢ ದ್ವೀಪ’ದ ಅನುವಾದದಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸುವ ಮಾತುಗಳನ್ನೇ ತಿರುಚಲಾಗಿತ್ತು. ಭಾರತದ ಮಕ್ಕಳು ಭಾರತೀಯ ನಾಯಕನನ್ನು ಬ್ರಿಟಿಷರು ಸೋಸಿಕೊಟ್ಟ ರೂಪದಲ್ಲಿ ಓದಿದರು. ಯಾವ ವರದಿಯ ಸಾರಾಂಶವನ್ನೇ ಓದುವಾಗಲೂ ಬಿಟ್ಟದ್ದೇನೆಂದು ಕೇಳಬೇಕೆಂಬ ಪಾಠ ಇದರಲ್ಲಿದೆ.

ನೆಮೋನೂ ದೋಷವಿಲ್ಲದವನಲ್ಲ. ದಕ್ಷಿಣ ಸಾಗರದಲ್ಲಿ ತಿಮಿಂಗಿಲಗಳನ್ನು ಸುಮ್ಮನೆ ಕೊಲ್ಲಲು ಹೊರಟವನನ್ನು ತಡೆಯುತ್ತಾನೆ. ಆದರೆ ಮರುಗಳಿಗೆಯೇ ಇನ್ನೊಂದು ಜಾತಿಯ ತಿಮಿಂಗಿಲವನ್ನು ಕ್ರೂರವೆಂದು ಕರೆದು ತನ್ನ ನೌಕೆಯಿಂದಲೇ ಹಿಂಡುಗಟ್ಟಲೆ ಸೀಳಿಹಾಕುತ್ತಾನೆ. ಅದೇ ಪುಸ್ತಕದ ಇನ್ನೊಂದೆಡೆ, ಕಡಲಹುಲ್ಲು ಮೇಯುವ ಪ್ರಾಣಿಗಳನ್ನು ಮನುಷ್ಯ ಬೇಟೆಯಾಡಿ ಮುಗಿಸಿದ್ದರಿಂದ ಹುಲ್ಲು ಕೊಳೆತು ಗಾಳಿ ಕೆಟ್ಟು ರೋಗ ಹಬ್ಬಿತೆಂಬ ವಿವರಣೆ ಬರುತ್ತದೆ. ರೋಗದ ಕಾರಣವನ್ನು ವರ್ನ್ ತಪ್ಪಾಗಿ ತಿಳಿದಿದ್ದ. ಆದರೆ ಒಂದು ಜೀವಿ ಅಳಿದರೆ ಅದರ ಕೆಲಸವೂ ಅಳಿಯುತ್ತದೆ ಎಂಬ ಎಳೆಯನ್ನು ಸರಿಯಾಗಿ ಹಿಡಿದಿದ್ದ. ಪರಿಸರ ವಿಜ್ಞಾನಕ್ಕೆ ಜರ್ಮನಿಯ ಹೆಕೆಲ್ ಹೆಸರಿಟ್ಟು ಆಗ ಕೆಲವೇ ವರ್ಷಗಳಾಗಿದ್ದವು.

ಮಕ್ಕಳ ಕೈಗೆ

ಹಾಗಾದರೆ ಈ ಪುಸ್ತಕಗಳನ್ನು ಮಕ್ಕಳಿಂದ ದೂರವಿಡಬೇಕೇ? ಸರ್ವಥಾ ಕೂಡದು. ಎಲ್ಲೂರಿನ ಬಾವಿಯ ಉಪ್ಪನ್ನು ನ್ಯಾಯಮಂಡಳಿಯ ಮುಂದೆ ಹೇಳಲು ಬೇಕಾದದ್ದು ಅಳತೆ, ದಿನಾಂಕ, ದಾಖಲೆ. ಬರಿಯ ಆಕ್ರೋಶ ಅಲ್ಲಿ ನಿಲ್ಲದು. ಅಳೆಯುವ ಸುಖವನ್ನು ಎಳೆಯರಿಗೆ ಹತ್ತಿಸುವ ಪುಸ್ತಕಗಳನ್ನು ಬಿಟ್ಟುಕೊಟ್ಟರೆ ಸೋಲುವವರು ನಾವೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಕೊಟ್ಟರು, ಮುಂದೆ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭಾ ಚುನಾವಣೆಗೆ ನಿಂತರು. ವಿಜ್ಞಾನದ ಮೇಲಿನ ಪ್ರೀತಿ ಮತ್ತು ಸ್ಥಾವರದ ವಿರೋಧ ಅವರಲ್ಲಿ ಒಂದಕ್ಕೊಂದು ಅಡ್ಡಬರಲಿಲ್ಲ.

ಮಾಡಬಹುದಾದ ಕೆಲಸಗಳು ಸಣ್ಣವು. ಊರಿನ ಗ್ರಂಥಾಲಯದಲ್ಲಿ ಇಂಥ ಒಂದು ಪುಸ್ತಕವನ್ನು ವಿದ್ಯಾರ್ಥಿಗಳೂ ಹಿರಿಯರೂ ಜೊತೆಗೆ ಕುಳಿತು ಓದಬಹುದು. ಪ್ರತಿ ಅಧ್ಯಾಯದ ಕೊನೆಯಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಬಹುದು: ಇಲ್ಲಿ ಮೊದಲು ಯಾರಿದ್ದರು? ಹೊರೆ ಹೊತ್ತವರು ಯಾರು? ಉಳಿದ ಕೆಸರು ಎಲ್ಲಿ ಹೋಯಿತು? ಮಳೆಗಾಲ ಕಳೆದು ದೋಣಿಗಳು ಆರಂಭವಾದ ಮೇಲೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಲ್ಲಿನ ಕಂಬದ ಮುಖಗಳನ್ನು ಎಣಿಸಿ ಬರೆದುಕೊಳ್ಳಬಹುದು. ಮರುವಾರ ಅದೇ ಪುಸ್ತಕದಲ್ಲಿ ಊರ ಬಾವಿಯ ನೀರಿನ ಮಟ್ಟ, ಮೊದಲ ಮಳೆಯ ದಿನ, ಅಜ್ಜಿಗೆ ನೆನಪಿರುವ ಭತ್ತದ ತಳಿಗಳ ಹೆಸರು ಸೇರಬಹುದು.

ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗೆ ನೆಲೆ ಒದಗಿಸಿದರು. ಅಲ್ಲಿಂದ ಮುಂದಿನ ಹೆಜ್ಜೆಯಾಗಿ ಘಟ್ಟದ ಮಕ್ಕಳಿಗೊಂದು ಸಾಹಸ ಕಾದಂಬರಿ ಬೇಕಾಗಿದೆ. ಅದರಲ್ಲಿ ಎಂಜಿನಿಯರ್ ಇರಲಿ, ನೌಕೆ ಇರಲಿ, ಸುರಂಗವಿರಲಿ. ಆದರೆ ಅವನು ಬಂದಿಳಿಯುವ ಹೊತ್ತಿಗೆ ದಡದಲ್ಲಿ ಜನ ನಿಂತಿರಲಿ. ಈ ಹೊಳೆಯ ಹೆಸರೇನೆಂದು ಅವನು ಅವರನ್ನೇ ಕೇಳಿ ತಿಳಿಯಲಿ.